ಅಂಗೈ ಹಾಯುವಷ್ಟು ಬಾಯಿ: ಮಾದರಿ ದೋಣಿಗಳ ಹ್ಯಾಚ್ ಪ್ರಶ್ನೆ

ರೇಡಿಯೋ ನಿಯಂತ್ರಿತ ಮಾದರಿ ದೋಣಿಯೊಂದು ಕೆರೆಯ ನಡುವೆ ಮುಳುಗಿದರೆ ಎಲ್ಲರೂ ಮೊದಲು ಅದರ ತಳವನ್ನೇ ತಿರುಗಿಸಿ ನೋಡುತ್ತಾರೆ. ತಳ ಒಡೆದು ಮುಳುಗುವ ಮಾದರಿಗಳು ಅಪರೂಪ. ನೀರು ಒಳಗೆ ಬರುವುದು ಕಟ್ಟಿದವರೇ ಬೇಕೆಂದು ಕೊರೆದ ದಾರಿಗಳಿಂದ. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವ ಸ್ಟರ್ನ್ ಟ್ಯೂಬ್ ಒಂದು, ಚುಕ್ಕಾಣಿಯ ಕಡ್ಡಿ ಇಳಿಯುವ ತೂತು ಇನ್ನೊಂದು, ಡೆಕ್ಕಿನ ಮೇಲಿನ ಹ್ಯಾಚ್ ಮೂರನೆಯದು. ಮೊದಲೆರಡಕ್ಕೆ ಒಳ್ಳೆಯ ಗ್ರೀಸ್ ತುಂಬಿ, ಕೊಳವೆಯ ಒಳತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ತಂದು ನಿಲ್ಲಿಸಿದರೆ ಬಹುಮಟ್ಟಿಗೆ ಚಿಂತೆ ತೀರಿತು. ಹ್ಯಾಚ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬ್ಯಾಟರಿ ಹಾಕಲು ಅದನ್ನು ತೆಗೆಯಬೇಕು, ಓಡಿಸಲು ಮುಚ್ಚಬೇಕು, ಓಡಿಸಿದ ಮೇಲೆ ಒಳಗೆ ಒಣಗಲೆಂದು ಮತ್ತೆ ತೆಗೆಯಬೇಕು. ಹೀಗೆ ದಿನವೂ ತೆರೆದು ಮುಚ್ಚುವ ಬಾಯಿಗೆ ನೀರು ನುಗ್ಗದಂತೆ ಮುಚ್ಚಳ ಹಾಕುವುದು ಹೇಗೆ ಎಂಬ ಪ್ರಶ್ನೆಗೆ ಹವ್ಯಾಸಿಗಳು ಕಂಡುಕೊಂಡ ಉತ್ತರಗಳು ಹಲವು. ಅವುಗಳಲ್ಲಿ ಕೆಲವು ಒಂದರ ಜೊತೆ ಒಂದು ಹೊಂದುವುದೂ ಇಲ್ಲ.

ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂತಿಯಿಲ್ಲದೆ ನಡೆಯುವ ದೋಣಿಯನ್ನು ಜನರಿಗೆ ತೋರಿಸಿದಾಗಲೇ ಬ್ಯಾಟರಿ, ಮೋಟಾರು, ಸಂಕೇತ ಹಿಡಿಯುವ ಸಲಕರಣೆ ಎಲ್ಲವೂ ದೋಣಿಯ ಹೊಟ್ಟೆಯೊಳಗೆ ಸೇರಿದ್ದವು. ವಿದ್ಯುತ್ತನ್ನೂ ನೀರನ್ನೂ ತೆಳುವಾದ ಒಂದು ಗೋಡೆಯ ಆಚೀಚೆ ಇಟ್ಟುಕೊಳ್ಳುವ ಈ ಹವ್ಯಾಸದ ಮೂಲ ತೊಡಕು ಅಂದಿನಿಂದಲೂ ಹಾಗೇ ಉಳಿದಿದೆ.

ಮಾದರಿಯ ಹ್ಯಾಚ್ ನಿಜವಾದ ಹಡಗಿನ ಹ್ಯಾಚ್‌ಗಿಂತ ಕಷ್ಟದ್ದು. ಅದು ಏಕೆಂದು ಲೆಕ್ಕ ಹಾಕಿ ನೋಡಬಹುದು. 1,000 ಟನ್ ತೂಗುವ ಹಡಗನ್ನು ಐವತ್ತನೇ ಒಂದರಷ್ಟು ಅಳತೆಗೆ ಇಳಿಸಿದರೆ ಮಾದರಿ 8 ಕಿಲೋ ತೂಗುತ್ತದೆ. ಆ ಹಡಗಿನ ಡೆಕ್ ನೀರಿನಿಂದ 2 ಮೀಟರ್ ಮೇಲಿದ್ದರೆ ಮಾದರಿಯ ಡೆಕ್ 4 ಸೆಂಟಿಮೀಟರ್ ಮೇಲಿರುತ್ತದೆ. ಆದರೆ ಕೆರೆಯ ಅಲೆ ನಮ್ಮ ಅಳತೆಪಟ್ಟಿಗೆ ತಕ್ಕಂತೆ ಕುಗ್ಗುವುದಿಲ್ಲ. ಸಂಜೆಯ ಗಾಳಿಗೆ ಏಳುವ 5 ಸೆಂಟಿಮೀಟರಿನ ತೆರೆ ಈ ಹಡಗಿಗೆ ಎರಡೂವರೆ ಮೀಟರಿನ ಸಮುದ್ರವಾಗಿ ಎದುರಾಗುತ್ತದೆ. ಕುಗ್ಗದ ಇನ್ನೊಂದು ವಸ್ತು ನಮ್ಮ ಕೈ. ಬ್ಯಾಟರಿ ಹಿಡಿದ ಅಂಗೈ ಒಳಗೆ ಹೋಗಿ ಬರಬೇಕಾದರೆ 10-12 ಸೆಂಟಿಮೀಟರ್ ಅಗಲದ ಬಾಯಿ ಬೇಕು. ನಿಜವಾದ ಹಡಗಿನ ಡೆಕ್ಕಿನಲ್ಲಿ ಅದು ಐದಾರು ಮೀಟರಿನ ತೆರಪಾಗುತ್ತದೆ. ಇಷ್ಟು ತಗ್ಗಿನ ಡೆಕ್ಕಿನಲ್ಲಿ ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಯಾವ ನಾವಿಕನೂ ಸಮುದ್ರಕ್ಕೆ ಇಳಿಯಲಾರ.

ಆದ್ದರಿಂದ ಮೊದಲ ಮಾತು ಬಾಯಿಯ ಜಾಗದ್ದು. ಅದು ದೋಣಿಯ ನಡುಗೆರೆಯ ಮೇಲೆ, ಆದಷ್ಟು ಎತ್ತರದಲ್ಲಿ, ಆದಷ್ಟು ಕಡಿಮೆ ಸಂಖ್ಯೆಯಲ್ಲಿ ಇರಬೇಕು. ಟಗ್ ಮಾದರಿಗಳಲ್ಲಿ ಎಲ್ಲರನ್ನೂ ಕಾಡುವುದು ಹಿಂಭಾಗದ ಡೆಕ್ಕಿನ ಚಿಕ್ಕ ಹ್ಯಾಚ್. ಚುಕ್ಕಾಣಿಯ ಕೀಲು ಅದರ ಕೆಳಗಿರುವುದರಿಂದ ಅಲ್ಲೊಂದು ಬಾಯಿ ಬೇಕೇ ಬೇಕು. ಆದರೆ ಟಗ್‌ನ ಹಿಂದಿನ ಡೆಕ್ ನೀರಿನಿಂದ ಬೆರಳಗಲ ಮೇಲಿರುತ್ತದೆ, ದೋಣಿ ಜೋರಾಗಿ ತಿರುಗಿದರೆ ನೀರಿನಡಿಗೇ ಹೋಗುತ್ತದೆ. ಅಲ್ಲಿ ತೆಗೆದು ಹಾಕುವ ಮುಚ್ಚಳದ ಆಸೆಯನ್ನೇ ಬಿಟ್ಟು, ಕೀಲನ್ನು ಭದ್ರವಾಗಿ ಜೋಡಿಸಿ, ಮುಚ್ಚಳವನ್ನು ಸಿಲಿಕೋನ್ ಸೀಲಂಟಿನಿಂದ ಅಂಟಿಸಿಬಿಡುವುದೇ ಲೇಸು. ವರ್ಷಕ್ಕೊಮ್ಮೆ ಬ್ಲೇಡಿನಿಂದ ಕತ್ತರಿಸಿ ತೆಗೆದು ಮತ್ತೆ ಅಂಟಿಸಬಹುದು.

ಎರಡನೆಯದು ಬಾಯಿಯ ಸುತ್ತಲಿನ ಕಟ್ಟೆ. ಹಡಗಿನವರು ಇದಕ್ಕೆ ಕೋಮಿಂಗ್ ಎನ್ನುತ್ತಾರೆ. ಬಾವಿಗೆ ಕಟ್ಟೆ ಕಟ್ಟುವ ಹಾಗೆ ಹ್ಯಾಚ್‌ನ ನಾಲ್ಕೂ ಅಂಚಿಗೆ ಪ್ಲೈವುಡ್ ಅಥವಾ ಸ್ಟೈರೀನ್ ಪಟ್ಟಿ ಎಬ್ಬಿಸಿದರೆ ಡೆಕ್ಕಿನ ಮೇಲೆ ಹರಿದು ಬಂದ ನೀರು ಅದಕ್ಕೆ ಬಡಿದು ಪಕ್ಕಕ್ಕೆ ಹೋಗುತ್ತದೆ. ಮುಚ್ಚಳವೋ, ಮೇಲಿನ ಇಡೀ ಕ್ಯಾಬಿನ್ನೋ ಈ ಕಟ್ಟೆಯನ್ನು ಹೊರಗಿನಿಂದ ಅಪ್ಪಿಕೊಂಡು ಕೂರಬೇಕು. ಕಟ್ಟೆಯ ಒಳಗೆ ಇಳಿಯುವ ಮುಚ್ಚಳ ಮಾಡಿದರೆ ಅಂಚಿನ ಸಂದಿಯಲ್ಲಿ ನಿಂತ ನೀರೆಲ್ಲ ನೇರ ಹೊಟ್ಟೆಗೆ ಇಳಿಯುತ್ತದೆ. 1966ರ ಅಂತರರಾಷ್ಟ್ರೀಯ ಲೋಡ್ ಲೈನ್ ಒಪ್ಪಂದ ತೆರೆದ ಡೆಕ್ಕಿನ ಹ್ಯಾಚ್‌ಗೆ ಜಾಗಕ್ಕೆ ತಕ್ಕಂತೆ 600 ಅಥವಾ 450 ಮಿಲಿಮೀಟರ್ ಕಟ್ಟೆಯನ್ನು ಕನಿಷ್ಠವೆಂದು ಗೊತ್ತುಮಾಡಿತು. ಐವತ್ತನೇ ಒಂದರ ಅಳತೆಯಲ್ಲಿ 600 ಎಂದರೆ 12 ಮಿಲಿಮೀಟರ್. ಕೆರೆಯ ಅಲೆ ಕುಗ್ಗದ ಕಾರಣ ನಮಗೆ ಅದು ಸಾಲದು. ಕ್ಯಾಬಿನ್ನಿನ ಒಳಗೆ ಅಡಗುವ ಕಟ್ಟೆಯಾದರೆ 20 ಮಿಲಿಮೀಟರ್ ಎಬ್ಬಿಸಿದರೂ ಹೊರಗೆ ಕಾಣುವುದಿಲ್ಲ. ಶಾಂತ ನೀರಿನಲ್ಲಿ ನಿಧಾನಕ್ಕೆ ಸಾಗುವ ಸ್ಕೇಲ್ ಮಾದರಿಗೆ ಒಳ್ಳೆಯ ಕಟ್ಟೆ, ಬಿಗಿಯಾಗಿ ಕೂರುವ ಮುಚ್ಚಳ ಇವೆರಡೇ ಸಾಕು, ಸಂದಿ ಮುಚ್ಚುವ ಮೆತ್ತನೆಯ ಗ್ಯಾಸ್ಕೆಟ್ ಪಟ್ಟಿಯೇ ಬೇಡ. ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ 1904ರಿಂದ ನಡೆದು ಬಂದಿರುವ ಸ್ಟೀಮ್‌ಬೋಟ್ ಕ್ಲಬ್ಬಿನಂಥ ಕಡೆಗಳ ಉಗಿ ದೋಣಿಗಳನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. ಬಾಯ್ಲರಿಗೆ ಗಾಳಿ ಬೇಕು, ಉರಿಗೆ ದಾರಿ ಬೇಕು, ಗ್ಯಾಸ್ ಸೋರಿದರೆ ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಶೇಖರವಾಗದಂತೆ ಹೊರಗೆ ಹೋಗಬೇಕು. ಅಲ್ಲಿ ಹ್ಯಾಚನ್ನು ಗಾಳಿಯಾಡದಂತೆ ಮುಚ್ಚುವ ಮಾತೇ ಇಲ್ಲ, ಮುಚ್ಚಲೂಬಾರದು. ಆ ದೋಣಿಗಳನ್ನು ಕಾಯುವುದು ಎತ್ತರದ ಕಟ್ಟೆ, ಜೊತೆಗೆ ಓಡಿಸುವವರ ವಿವೇಕ.

ಇನ್ನು ಮುಚ್ಚಳ ಹಾರಿಹೋಗದಂತೆ ಹಿಡಿಯುವ ಬಗೆ. ಸ್ಕ್ರೂ ಎಲ್ಲಕ್ಕಿಂತ ಹಳೆಯದು, ಇಂದಿಗೂ ಎಲ್ಲಕ್ಕಿಂತ ನಂಬಿಕಸ್ತ. ಮರದ ಚೌಕಟ್ಟಿಗೆ ನೇರ ತಿರುಗಿಸಿದ ಸ್ಕ್ರೂ ಕೆಲವು ತಿಂಗಳಲ್ಲಿ ತೂತನ್ನು ಸವೆಸಿ ಸಡಿಲವಾಗುತ್ತದೆ. ಆದ್ದರಿಂದ ಹಿತ್ತಾಳೆಯ ಇನ್ಸರ್ಟ್ ನಟ್ ಕೂರಿಸಿ ಸ್ಟೇನ್‌ಲೆಸ್ ಮಷೀನ್ ಸ್ಕ್ರೂ ಬಳಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ತೆಳುವಾದ ಪ್ಲಾಸ್ಟಿಕ್ ಮುಚ್ಚಳವನ್ನು ನಾಲ್ಕು ಮೂಲೆಗೆ ಬಿಗಿದರೆ ಮೂಲೆಗಳು ಒತ್ತುತ್ತವೆ, ನಡುವಿನ ಅಂಚು ಕಮಾನಿನಂತೆ ಮೇಲೇಳುತ್ತದೆ. ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರುತ್ತದೆ. ಮುಚ್ಚಳದ ಅಡಿಗೆ ಗಟ್ಟಿ ಪಟ್ಟಿ ಅಂಟಿಸಿ ಬಿಗುವು ಕೊಟ್ಟರೆ ಕಡಿಮೆ ಸ್ಕ್ರೂಗಳಲ್ಲೇ ಕೆಲಸ ಮುಗಿಯುತ್ತದೆ. ವೇಗದ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವ ಏರ್ಪಾಡು ಬೇರೆ. ಮುಚ್ಚಳದ ಮುಂದಿನ ನಾಲಗೆ ಡೆಕ್ಕಿನಡಿ ತೂರುತ್ತದೆ, ಹಿಂದೆ ತಿರುಗಿಸಿ ಬಿಗಿಯುವ ಒಂದು ಗುಬ್ಬಿ ಇರುತ್ತದೆ. ಎದುರಿನಿಂದ ನುಗ್ಗುವ ನೀರು ಮುಚ್ಚಳದ ಮುಂದಂಚನ್ನು ಎತ್ತಲಾರದ್ದರಿಂದ ಇದು ಬುದ್ಧಿವಂತಿಕೆಯ ವಿನ್ಯಾಸ.

ಇತ್ತೀಚಿನ ದಶಕಗಳಲ್ಲಿ ಸ್ಕೇಲ್ ಮಾದರಿಗಾರರ ಮನಸ್ಸನ್ನು ಗೆದ್ದಿರುವುದು ಮ್ಯಾಗ್ನೆಟ್. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಮ್ಯಾಗ್ನೆಟ್ ಬಟಾಣಿಯಷ್ಟು ಗಾತ್ರದಲ್ಲೇ ಕಿಲೋಗಟ್ಟಲೆ ಎಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಸುಂದರ ಡೆಕ್ಕಿಗೆ ಸ್ಕ್ರೂತಲೆಯ ಕಲೆಯೂ ಬೀಳುವುದಿಲ್ಲ. ಅದರ ಮೇಲಿನ ಈ ಪ್ರೀತಿ ಸ್ವಲ್ಪ ಅತಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಮ್ಯಾಗ್ನೆಟ್ಟಿನ ಹಿಡಿತ ಅಂತರ ಹೆಚ್ಚಿದಂತೆ ಬಹುಬೇಗ ಕುಸಿಯುತ್ತದೆ. ಚಿಕ್ಕ ಬಿಲ್ಲೆಗಳಲ್ಲಿ ಒಂದೇ ಮಿಲಿಮೀಟರ್ ಸಂದಿ ಬಿದ್ದರೆ ಎಳೆತ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಫೋಮ್ ಗ್ಯಾಸ್ಕೆಟ್ಟಿನ ಕೆಲಸವೋ ಮುಚ್ಚಳವನ್ನು ಮೇಲಕ್ಕೆ ತಳ್ಳುವುದು. ಹೀಗಾಗಿ ಗ್ಯಾಸ್ಕೆಟ್ ಚೆನ್ನಾಗಿ ಒತ್ತಿಕೊಳ್ಳಬೇಕಾದ ಜಾಗದಲ್ಲೇ ಮ್ಯಾಗ್ನೆಟ್ ಬಲಹೀನವಾಗುತ್ತದೆ. ಇವೆರಡನ್ನೂ ಒಟ್ಟಿಗೆ ಬಳಸುವವರು 3 ಮಿಲಿಮೀಟರ್ ಫೋಮ್ 2 ಮಿಲಿಮೀಟರಿಗೆ ಅಮುಕಿದ ಕ್ಷಣದಲ್ಲಿ ಮ್ಯಾಗ್ನೆಟ್ಟಿಗೆ ಉಕ್ಕಿನ ಬಿಲ್ಲೆ ತಾಗುವಂತೆ ಎತ್ತರ ಹೊಂದಿಸಿಕೊಳ್ಳಬೇಕು. ಈ ಹೊಂದಾಣಿಕೆ ಮಾಡದೆ ಅಂಟಿಸಿದ ಮ್ಯಾಗ್ನೆಟ್ ಮೇಜಿನ ಮೇಲೆ ಟಕ್ಕೆಂದು ಹಿಡಿದು ಸಮಾಧಾನ ಕೊಡುತ್ತದೆ, ನೀರಿನಲ್ಲಿ ಅಡ್ಡ ಅಲೆ ಕ್ಯಾಬಿನ್ನಿಗೆ ಬಡಿದಾಗ ಬಿಟ್ಟುಕೊಡುತ್ತದೆ. ಬಿಲ್ಲೆಯ ಲೋಹವನ್ನೂ ಗಮನಿಸಬೇಕು. ಅಡುಗೆಮನೆಯ ಪಾತ್ರೆಗಳಲ್ಲಿ ಕಾಣುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಸಾಮಾನ್ಯ ಉಕ್ಕಿನ ವಾಷರ್ ಬೇಕು, ಅದಕ್ಕೆ ತುಕ್ಕು ಹಿಡಿಯದಂತೆ ಬಣ್ಣ ಬೇಕು. ಸಮುದ್ರದ ಹಿನ್ನೀರಿನಲ್ಲಿ ಓಡಿಸುವವರಾದರೆ ಮ್ಯಾಗ್ನೆಟ್ಟಿನ ಮೇಲಿನ ನಿಕಲ್ ಲೇಪವೇ ಉಪ್ಪುನೀರಿಗೆ ಸೋತು ಒಳಗಿನ ಲೋಹ ಪುಡಿಯಾಗುತ್ತದೆ. ಅದನ್ನು ಎಪಾಕ್ಸಿಯಲ್ಲಿ ಪೂರ್ತಿ ಮುಳುಗಿಸಿಯೇ ಕೂರಿಸಬೇಕು.

ಯಾವ ಬಗೆಯ ಹಿಡಿತವಾದರೂ ಮುಚ್ಚಳದಿಂದ ಒಡಲಿಗೆ ಒಂದು ಮೀನುಗಾಳದ ದಾರ ಕಟ್ಟಿರಲಿ. ಮುಚ್ಚಳ ನೀರಿನಲ್ಲಿ ತೇಲುವಂತಿರಲಿ, ಅದರ ಅಡಿಗೆ ಕಿತ್ತಳೆ ಬಣ್ಣವಿರಲಿ. ಕಳಚಿಬಿದ್ದು ಮಗುಚಿದ ಮುಚ್ಚಳವನ್ನು ಪಾಚಿಗಟ್ಟಿದ ನೀರಿನಲ್ಲಿ ಹುಡುಕುವವರಿಗೆ ಈ ಬಣ್ಣದ ಬೆಲೆ ತಿಳಿಯುತ್ತದೆ.

ಸ್ಪರ್ಧೆಯ ದೋಣಿಗಳವರು ಈ ಎಲ್ಲ ಸಂಕಟವನ್ನೂ ಒಂದು ಸುರುಳಿ ಟೇಪಿನಿಂದ ಬಗೆಹರಿಸಿಕೊಂಡಿದ್ದಾರೆ. ವೇಗದ ಎಲೆಕ್ಟ್ರಿಕ್ ದೋಣಿಗಳಲ್ಲಿ ಮುಚ್ಚಳದ ಸುತ್ತಲಿನ ಸಂದಿಗೆ ಅಗಲವಾದ ಪಾರದರ್ಶಕ ಟೇಪು ಎಳೆಯುತ್ತಾರೆ. ದೋಣಿ ಗಾಳಿಯಲ್ಲಿ ಪಲ್ಟಿ ಹೊಡೆದು ಬಿದ್ದರೂ ನೀರು ಒಳಗೆ ಹೋಗದು. ಇಂಥ ದೋಣಿಗಳಲ್ಲಿ ಕೆಲವಕ್ಕೆ ಒಂದು ಪಕ್ಕದಲ್ಲಿ ನೀರು ತುಂಬಿಕೊಳ್ಳುವ ಪ್ರತ್ಯೇಕ ಕೋಣೆ ಇರುತ್ತದೆ, ಮಗುಚಿದಾಗ ಆ ಭಾರವೇ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಪಕ್ಕದ ಕೋಣೆಗೆ ನೀರು ಬರಲೇಬೇಕು, ಅದರ ಒತ್ತಿನ ಹ್ಯಾಚ್‌ಗೆ ಬರಲೇಬಾರದು. ಹಾಯಿದೋಣಿಗಳವರದ್ದೂ ಅಂಟಿನ ದಾರಿಯೇ. 1988ರಲ್ಲಿ ರೂಪುಗೊಂಡ ಇಂಟರ್‌ನ್ಯಾಷನಲ್ ಒನ್ ಮೀಟರ್ ವರ್ಗದ ದೋಣಿಗಳಲ್ಲಿ ಡೆಕ್ಕಿನ ಬಾಯಿಗಳ ಮೇಲೆ ಅಂಟುವ ಹಾಯಿಬಟ್ಟೆಯ ತೇಪೆ ಹಾಕುತ್ತಾರೆ, ರಿಸೀವರ್ ಮತ್ತು ಬ್ಯಾಟರಿಯನ್ನು ಡೆಕ್ಕಿನಿಂದ ಇಳಿಬಿಟ್ಟ ಒಂದು ದುಂಡನೆಯ ಡಬ್ಬಿಯಲ್ಲಿ ಇಡುತ್ತಾರೆ. ಆ ವರ್ಗದ ಕನಿಷ್ಠ ತೂಕ 4,000 ಗ್ರಾಂ. ಅರ್ಧ ಲೋಟ ನೀರು, ಅಂದರೆ 100 ಗ್ರಾಂ, ಒಳಗೆ ಸೇರಿದರೆ ನೂರಕ್ಕೆ ಎರಡೂವರೆ ಪಾಲು ತೂಕ ಸುಮ್ಮನೆ ಹೊತ್ತಂತಾಯಿತು. ಅದೂ ದೋಣಿ ವಾಲಿದ ಕಡೆಗೇ ಓಡುವ ತೂಕ. ಟೇಪಿನ ದೌರ್ಬಲ್ಯ ಒಂದೇ. ಒದ್ದೆ ಡೆಕ್ಕಿಗೆ ಅದು ಅಂಟುವುದಿಲ್ಲ. ಎರಡನೇ ಸುತ್ತಿಗೆ ಮುಂಚೆ ಅಂಚನ್ನು ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಉಜ್ಜಿ, ಒಣಗಿದ ಮೇಲೆ ಹೊಸ ತುಂಡು ಹಾಕಬೇಕು. ಹಳೆಯ ತುಂಡನ್ನೇ ಮತ್ತೆ ಒತ್ತುವ ಜಿಪುಣತನ ಬೇಡ.

ಗ್ಯಾಸ್ಕೆಟ್ಟಿನ ವಿಷಯದಲ್ಲಿ ವಸ್ತುವಿನ ಆಯ್ಕೆಯೇ ಮುಖ್ಯ. ಸೋಫಾದ ಸ್ಪಂಜಿನಂಥ ತೆರೆದ ರಂಧ್ರಗಳ ಫೋಮ್ ನೀರನ್ನು ತಡೆಯುವ ಬದಲು ಹೀರಿಕೊಂಡು ನಿಧಾನಕ್ಕೆ ಒಳಗೆ ಬಿಡುತ್ತದೆ. ಬೇಕಾದದ್ದು ಮುಚ್ಚಿದ ರಂಧ್ರಗಳ ನಿಯೋಪ್ರೀನ್ ಅಥವಾ ಇಪಿಡಿಎಂ ಪಟ್ಟಿ. ಬೆಂಗಳೂರಿನ ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಬೀಡಿಂಗ್ ಕೇಳಿದರೆ ಇದಕ್ಕೆ ಹೊಂದುವುದು ಸಿಗುತ್ತದೆ. ವಿದೇಶದಿಂದ ತರಿಸಬೇಕಾದದ್ದೇನೂ ಇಲ್ಲ. ಪಟ್ಟಿಯ ತುದಿಗಳು ಮೂಲೆಯಲ್ಲಿ ಕೂಡಬಾರದು, ನೇರ ಅಂಚಿನ ನಡುವೆ ಕೂಡಲಿ. ಮೂಲೆಯ ಜೋಡಣೆ ಯಾವಾಗಲೂ ಮೊದಲು ಬಾಯಿಬಿಡುತ್ತದೆ.

ಇದಕ್ಕಿಂತ ಚೊಕ್ಕವಾದ ಇನ್ನೊಂದು ಉಪಾಯವಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಗ್ಯಾಸ್ಕೆಟ್ಟನ್ನು ಅಲ್ಲೇ ಎರಕ ಹೊಯ್ಯುವುದು. ಮುಚ್ಚಳದ ಒಳಅಂಚಿಗೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಸುಕ್ಕಿಲ್ಲದಂತೆ ಬಿಗಿಯಬೇಕು. ಕಟ್ಟೆಯ ತಲೆಯ ಮೇಲೆ ಸಿಲಿಕೋನ್ ಸೀಲಂಟನ್ನು ಎಲ್ಲೂ ತುಂಡಾಗದ ಎಳೆಯಾಗಿ ಸುತ್ತ ಹಾಕಬೇಕು. ಅದರ ಮೇಲೆ ಮುಚ್ಚಳವನ್ನು ಹಗುರವಾಗಿ ಇಳಿಸಿ, ಪೂರ್ತಿ ಒತ್ತದೆ, ಒಂದು ಮಿಲಿಮೀಟರಿನಷ್ಟು ಎತ್ತರದಲ್ಲಿ ಚೂರು ರಟ್ಟಿನ ಆಧಾರ ಕೊಟ್ಟು ಮರುದಿನದವರೆಗೆ ಬಿಡಬೇಕು. ಹಾಳೆ ಸುಲಿದು ರಟ್ಟು ತೆಗೆದರೆ ಮುಚ್ಚಳದ ಪ್ರತಿಯೊಂದು ಉಬ್ಬುತಗ್ಗಿನ ಅಚ್ಚು ಹೊತ್ತ ರಬ್ಬರ್ ಅಂಚು ಸಿದ್ಧವಾಗಿರುತ್ತದೆ. ಕೈಯಿಂದ ಕಟ್ಟಿದ ದೋಣಿಯಲ್ಲಿ ಯಾವ ಅಂಚೂ ನೂರಕ್ಕೆ ನೂರು ಸಮವಾಗಿರುವುದಿಲ್ಲ. ಸಿದ್ಧ ಪಟ್ಟಿ ಆ ವಕ್ರವನ್ನು ಸಹಿಸಿಕೊಳ್ಳುತ್ತದೆ ಅಷ್ಟೆ, ಎರಕದ ಗ್ಯಾಸ್ಕೆಟ್ ಅದನ್ನು ತುಂಬಿಬಿಡುತ್ತದೆ. ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ಪಕ್ಕದ ತಾಮ್ರ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ, ಆದ್ದರಿಂದ ನ್ಯೂಟ್ರಲ್ ಎಂದು ಬರೆದಿರುವ ಟ್ಯೂಬನ್ನು ಕೇಳಿ ಕೊಳ್ಳಬೇಕು. ಬಣ್ಣದ ಕೆಲಸ ಮುಗಿದ ಮೇಲೆಯೇ ಇದನ್ನು ಮಾಡಬೇಕು, ಸಿಲಿಕೋನ್ ತಾಗಿದ ಜಾಗದಲ್ಲಿ ಬಣ್ಣ ನಿಲ್ಲುವುದಿಲ್ಲ. ಅಂಚಿಗೆ ಜಾರುವಿಕೆ ಬೇಕೆಂದು ಈ ಗ್ಯಾಸ್ಕೆಟ್ಟಿಗೆ ಏನನ್ನಾದರೂ ಸವರುವಾಗ ಎಚ್ಚರವಿರಲಿ. ಸಿಲಿಕೋನ್ ಗ್ರೀಸ್ ಮಾತ್ರ ಬೇಡ, ತನ್ನದೇ ಜಾತಿಯ ರಬ್ಬರನ್ನು ಅದು ಊದಿಸುತ್ತದೆ.

ಇಷ್ಟೆಲ್ಲ ಮಾಡಿ ಪೂರ್ತಿ ಬಿಗಿಯಾಗಿ ಮುಚ್ಚಿದ ದೋಣಿಯೊಳಗೂ ನೀರು ಕಾಣಿಸಿಕೊಳ್ಳುವುದುಂಟು. ಹೆಚ್ಚಿನವರು ಗ್ಯಾಸ್ಕೆಟ್ಟನ್ನು ದೂರುತ್ತಾರೆ. ಕಾರಣ ಒಳಗಿನ ಗಾಳಿಯಲ್ಲಿದೆ. ಏಪ್ರಿಲ್ ಬಿಸಿಲಿನಲ್ಲಿ ದಡದ ಮೇಲೆ ಮುಚ್ಚಳ ಹಾಕಿ ಇಟ್ಟ, ಕಡುಬಣ್ಣದ ಡೆಕ್ಕಿನ ದೋಣಿಯೊಳಗಿನ ಗಾಳಿ 50 ಡಿಗ್ರಿಗೆ ಕಾದಿದೆ ಎನ್ನಿ. ಅದನ್ನು 25 ಡಿಗ್ರಿಯ ನೀರಿಗೆ ಬಿಟ್ಟಾಗ ಒಳಗಿನ ಗಾಳಿ ತಣ್ಣಗಾಗಿ ನೂರಕ್ಕೆ ಸುಮಾರು ಎಂಟು ಪಾಲು ಕುಗ್ಗಲು ನೋಡುತ್ತದೆ. ಹತ್ತು ಲೀಟರಿನ ಒಡಲಿನಲ್ಲಿ ಅದು ಮುಕ್ಕಾಲು ಲೀಟರ್. ಹ್ಯಾಚ್ ನಿಜಕ್ಕೂ ಬಿಗಿಯಾಗಿದ್ದರೆ ಒಳಗೆ ಉಂಟಾಗುವ ಸೆಳೆತ ಸುಮಾರು 70-80 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಗ್ರೀಸ್ ತುಂಬಿದ ಸ್ಟರ್ನ್ ಟ್ಯೂಬ್ ಅಷ್ಟನ್ನು ತಡೆಯಲಾರದು. ಗ್ರೀಸನ್ನು ಒಳಗೆಳೆದುಕೊಂಡು ಅದರ ಹಿಂದೆಯೇ ನೀರು ಬರುತ್ತದೆ. ಮುಚ್ಚಳ ಚೆನ್ನಾಗಿದ್ದಷ್ಟೂ ಶಾಫ್ಟಿನ ಕಡೆಯಿಂದ ಸೋರಿಕೆ ಹೆಚ್ಚು. ಪರಿಹಾರ ಸರಳ. ದೋಣಿಯ ಅತಿ ಎತ್ತರದ ಜಾಗದಲ್ಲಿ, ಟೊಳ್ಳು ಮಾಸ್ಟಿನ ತುದಿಯಲ್ಲೋ ಚಿಮಣಿಯ ಒಳಗೋ, ಒಂದೆರಡು ಮಿಲಿಮೀಟರಿನ ಉಸಿರುಗಂಡಿ ಬಿಡಬೇಕು. ಗಂಡಿ ಬೇಡವೆನ್ನುವವರು ದೋಣಿಯನ್ನು ಕೆಲವು ನಿಮಿಷ ನೀರಿನಲ್ಲಿಟ್ಟು ತಣಿಸಿ ಆಮೇಲೆ ಮುಚ್ಚಳ ಹಾಕಬೇಕು. ಬ್ಯಾಟರಿಯ ದೃಷ್ಟಿಯಿಂದಲೂ ಗಾಳಿಯಾಟ ಬೇಕು. ಲೆಡ್ ಆಸಿಡ್ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡಬಲ್ಲದು, ಲಿಥಿಯಮ್ ಪಾಲಿಮರ್ ಕೆಟ್ಟರೆ ಉಬ್ಬಿ ಹೊತ್ತಿಕೊಳ್ಳಬಲ್ಲದು. ಹ್ಯಾಚ್ ಮುಚ್ಚಿಕೊಂಡು ಚಾರ್ಜ್ ಮಾಡುವ ಅಭ್ಯಾಸವನ್ನು ಯಾರೂ ಇಟ್ಟುಕೊಳ್ಳಬಾರದು.

ಉಸಿರುಗಂಡಿಯ ಸೌಲಭ್ಯ ಇಲ್ಲದವರು ಜಲಾಂತರ್ಗಾಮಿ ಮಾದರಿಯವರು. ಒಂದು ಮೀಟರ್ ಆಳದಲ್ಲಿ 10 ಸೆಂಟಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಸುಮಾರು 8 ಕಿಲೋ ಭಾರ ಬೀಳುತ್ತದೆ. ಅವರು ಹ್ಯಾಚನ್ನೇ ಕೈಬಿಟ್ಟರು. ಹೊರ ಒಡಲಿಗೆ ನೀರು ತುಂಬಲು ಬಿಟ್ಟು, ಸಲಕರಣೆಗಳನ್ನೆಲ್ಲ ಪಾರದರ್ಶಕ ಕೊಳವೆಯೊಳಗೆ ಇಟ್ಟು, ಎರಡೂ ತುದಿಗೆ ಓ-ರಿಂಗ್ ಹಾಕಿದ ಬಿರಡೆ ಕೂರಿಸುವುದು ಅವರ ರೂಢಿ. ಬಿರಡೆ ತಳ್ಳುವಾಗ ಒಳಗಿನ ಗಾಳಿ ಅಮುಕಿ ಅದನ್ನೇ ಹೊರಗೆ ದೂಡುವುದರಿಂದ ಒಂದು ಚಿಕ್ಕ ಸ್ಕ್ರೂ ತೂತನ್ನು ತೆರೆದಿಟ್ಟು ಕೊನೆಗೆ ಮುಚ್ಚುತ್ತಾರೆ. ಮೇಲೆ ತೇಲುವ ದೋಣಿಗಳವರು ಇವರಿಂದ ಕಲಿಯಬೇಕಾದದ್ದಿದೆ. ಇಡೀ ದೋಣಿಯನ್ನು ಕಾಯುವುದಕ್ಕಿಂತ ರಿಸೀವರನ್ನೂ ಸ್ಪೀಡ್ ಕಂಟ್ರೋಲರನ್ನೂ ಕಾಯುವುದು ಸುಲಭ. ಬಿಗಿಮುಚ್ಚಳದ ಊಟದ ಡಬ್ಬಿಯೊಂದರಲ್ಲಿ ರಿಸೀವರ್ ಇಟ್ಟು, ತಂತಿ ಹೊರಬರುವ ತೂತಿಗೆ ರಬ್ಬರ್ ಗ್ರಾಮೆಟ್ ಹಾಕಿ, ಡಬ್ಬಿಯನ್ನು ತಳದಲ್ಲಿ ಇಡದೆ ಡೆಕ್ಕಿನ ಹತ್ತಿರ ಎತ್ತರಕ್ಕೆ ಕಟ್ಟಿದರೆ ಒಂದು ಲೋಟ ನೀರು ಬಂದರೂ ದೋಣಿ ದಡ ಸೇರುತ್ತದೆ. ಮೂತಿಯಲ್ಲೂ ಹಿಂದೆಯೂ ಥರ್ಮೋಕೋಲ್ ತುಂಬಿಟ್ಟರೆ ಹೊಟ್ಟೆ ತುಂಬ ನೀರಾದರೂ ದೋಣಿ ತೇಲಿಕೊಂಡಿರುತ್ತದೆ. ಮುಚ್ಚಳವನ್ನು ಕಾರ್ಬನ್ ಫೈಬರಿನಲ್ಲಿ ಮಾಡುವ ಮೋಹ ಇದ್ದವರಿಗೆ ಒಂದು ಎಚ್ಚರಿಕೆ: ಅದು 2.4 ಗಿಗಾಹರ್ಟ್ಸ್ ಸಂಕೇತವನ್ನು ತಡೆಯುತ್ತದೆ, ಆಂಟೆನಾ ಅದರ ಹೊರಗಿರಬೇಕು.

ಹ್ಯಾಚನ್ನು ಹೀಗೆ ಗಂಭೀರವಾಗಿ ತೆಗೆದುಕೊಳ್ಳುವುದು ಅತಿ ಎನಿಸಿದವರು ಡರ್ಬಿಶೈರ್ ಹಡಗಿನ ಕಥೆ ಓದಬೇಕು. 1980ರ ಸೆಪ್ಟೆಂಬರಿನಲ್ಲಿ ಜಪಾನಿನ ದಕ್ಷಿಣಕ್ಕೆ ಆರ್ಕಿಡ್ ಚಂಡಮಾರುತದಲ್ಲಿ ಈ ಬ್ರಿಟಿಷ್ ಹಡಗು 44 ಜನರ ಸಮೇತ ಮುಳುಗಿತು. ಮೂತಿಯ ಉಗ್ರಾಣದ ಸಣ್ಣ ಹ್ಯಾಚನ್ನು ಸಿಬ್ಬಂದಿ ಸರಿಯಾಗಿ ಭದ್ರಪಡಿಸಿರಲಿಲ್ಲ ಎಂದು 1998ರ ವರದಿ ಹೇಳಿತು. ಸತ್ತವರ ಕುಟುಂಬದವರು ಅದನ್ನು ಒಪ್ಪಲಿಲ್ಲ. ಮತ್ತೆ ನಡೆದ ವಿಚಾರಣೆ 2000ದಲ್ಲಿ ಸಿಬ್ಬಂದಿಯನ್ನು ಆ ಆರೋಪದಿಂದ ಬಿಡಿಸಿತು. ಅಲೆಗಳು ಮುಂದಿನ ಡೆಕ್ಕಿನ ಗಾಳಿಕೊಳವೆಗಳನ್ನು ಕಿತ್ತುಹಾಕಿದ್ದವು, ಆ ತೂತುಗಳಿಂದ ನೀರು ತುಂಬಿ ಮೂತಿ ತಗ್ಗಿತು, ತಗ್ಗಿದ ಮೂತಿಯ ಮೇಲೆ ಸಮುದ್ರ ಏರಿ ಮೊದಲ ಸರಕು ಹ್ಯಾಚ್‌ನ ಮುಚ್ಚಳ ಕುಸಿಯಿತು ಎಂಬುದು ಅದರ ತೀರ್ಮಾನ. ಸಣ್ಣ ತೂತಿನಿಂದ ದೊಡ್ಡ ಹ್ಯಾಚ್‌ಗೆ ಸಾಗುವ ಈ ಸರಣಿ ಮಾದರಿ ದೋಣಿಗಳಲ್ಲೂ ಹಾಗೆಯೇ ನಡೆಯುತ್ತದೆ. ಶಾಫ್ಟಿನಿಂದ ಒಂದಿಷ್ಟು ನೀರು ಬರುತ್ತದೆ, ದೋಣಿ ಬೆರಳಗಲ ತಗ್ಗುತ್ತದೆ, ನಿನ್ನೆಯವರೆಗೆ ಒಣಗಿದ್ದ ಹ್ಯಾಚ್ ಇಂದು ನೀರಿನ ಮಟ್ಟಕ್ಕೆ ಇಳಿದಿರುತ್ತದೆ. ಬ್ರಿಟನ್ನಿನ ಲೈಫ್‌ಬೋಟುಗಳಂತೆ ಮಗುಚಿದರೂ ತಾನಾಗಿ ನೆಟ್ಟಗಾಗುವ ಮಾದರಿ ಕಟ್ಟುವವರಿಗಂತೂ ಹ್ಯಾಚ್ ಸಮತೋಲನದ್ದೇ ಭಾಗ. ಕ್ಯಾಬಿನ್ನಿನೊಳಗೆ ಹಿಡಿದಿಟ್ಟ ಗಾಳಿಯೇ ದೋಣಿಯನ್ನು ಎತ್ತಿ ನಿಲ್ಲಿಸುವುದು. ಅಲ್ಲಿ ಸೋರಿದರೆ ಅದು ತಲೆಕೆಳಗಾಗಿಯೇ ಉಳಿಯುತ್ತದೆ.

ಪರೀಕ್ಷೆಯ ವಿಧಾನಗಳನ್ನೂ ದೊಡ್ಡ ಹಡಗುಗಳಿಂದಲೇ ಎರವಲು ಪಡೆಯಬಹುದು. ಬಂದರುಗಳಿಗೆ ಬರುವ ಸರಕು ಹಡಗುಗಳ ಹ್ಯಾಚ್ ತಪಾಸಣೆಯಲ್ಲಿ ಸೀಮೆಸುಣ್ಣದ ಪರೀಕ್ಷೆ ಇದೆ, ಹೋಸ್ ಪೈಪಿನ ಪರೀಕ್ಷೆ ಇದೆ. ಮಾದರಿಯ ಕಟ್ಟೆಯ ಅಂಚಿಗೆ ಸೀಮೆಸುಣ್ಣ ಸವರಿ, ಮುಚ್ಚಳ ಒತ್ತಿ ತೆಗೆದರೆ ಗ್ಯಾಸ್ಕೆಟ್ಟಿನ ಮೇಲೆ ಬಿಳಿಗೆರೆ ಬಿದ್ದಿರುತ್ತದೆ. ಗೆರೆ ಎಲ್ಲಿ ಮಾಸಲಾಗಿದೆಯೋ ಅಲ್ಲಿ ನೀರಿಗೆ ದಾರಿ. ರಾತ್ರಿ ದೀಪ ಆರಿಸಿ ದೋಣಿಯೊಳಗೆ ಉರಿಯುವ ಟಾರ್ಚ್ ಇಟ್ಟು ಮುಚ್ಚಿದರೆ ಸಂದಿಗಳು ತಾವಾಗಿ ಕಾಣುತ್ತವೆ. ಕೊನೆಗೆ ಒಳಗೆ ಟಿಶ್ಯೂ ಕಾಗದ ಹಾಸಿ ಸ್ನಾನದ ಮನೆಯ ಶವರಿನಡಿ ಐದು ನಿಮಿಷ ನಿಲ್ಲಿಸಿ, ಯಾವ ಕಾಗದ ಒದ್ದೆಯಾಗಿದೆ ಎಂದು ನೋಡಬೇಕು. ಕರ್ನಾಟಕದಲ್ಲಿ ಎನ್‌ಸಿಸಿಯ ನೌಕಾ ವಿಭಾಗದ ಹುಡುಗರು ಹುಡುಗಿಯರು ಹಡಗಿನ ಮಾದರಿಗಳನ್ನು ಕಟ್ಟುತ್ತಾರೆ, ನೌ ಸೈನಿಕ್ ಶಿಬಿರದ ಸ್ಪರ್ಧೆಗಳಲ್ಲಿ ಅದೂ ಒಂದು. ಅವರಿಗೆ ಕಲಿಸುವವರು ಈ ಮೂರು ಪರೀಕ್ಷೆಗಳನ್ನು ಮಾಡಿಸಲಿ. ಹೊಸದಾಗಿ ದೋಣಿ ಕಟ್ಟುವವರು ಸೀಮೆಸುಣ್ಣವನ್ನೂ ಟಾರ್ಚನ್ನೂ ಡೆಕ್ಕಿಗೆ ಬಣ್ಣ ಹಚ್ಚುವ ಮೊದಲೇ ಒಮ್ಮೆ ಕೈಗೆತ್ತಿಕೊಳ್ಳಲಿ. ಕಟ್ಟೆಯನ್ನು ಇನ್ನೂ ಐದು ಮಿಲಿಮೀಟರ್ ಎತ್ತರಿಸಬೇಕೆಂದು ಗೊತ್ತಾದರೆ ಆಗ ಅದು ಒಂದು ಸಂಜೆಯ ಕೆಲಸ.